ಕಾಣದ ಎಲ್ಲೆ, ಕಾಣದ ಪಿಸ್ತೂಲು

ಕಾನೂನು ಗೊತ್ತಿರಲಿಲ್ಲವೆಂಬ ಮಾತು ತಪ್ಪಿಗೆ ಮಾಫಿ ತರಲಾರದು ಎಂಬ ಸೂತ್ರ ವಕೀಲರ ಮನೆಯ ಗೋಡೆಗೂ ಬಾಯಿಪಾಠವಾಗಿರುತ್ತದೆ. ರೋಮನರಿಂದ ಬಂದದ್ದು, ಇಂಗ್ಲಿಷರ ಕೈದಾಟಿ ನಮ್ಮ ಕೋರ್ಟುಗಳಿಗೂ ಇಳಿದಿದೆ. ಅದನ್ನು ಒಪ್ಪದೆ ಗತಿಯೂ ಇಲ್ಲ. "ಗೊತ್ತಿರಲಿಲ್ಲ, ಸ್ವಾಮಿ" ಎಂದವರನ್ನೆಲ್ಲ ಬಿಟ್ಟುಬಿಡುತ್ತ ಹೋದರೆ, ಏನನ್ನೂ ಓದದೆ ಕಣ್ಣು ಮುಚ್ಚಿ ಕುಳಿತವನೇ ಊರಿಗೆಲ್ಲ ಜಾಣನಾಗಿಬಿಡುತ್ತಾನೆ. ಆದರೆ ಈ ಸೂತ್ರ ಹುಟ್ಟಿದ ಕಾಲದಲ್ಲಿ ಕಾನೂನು ಬೇಡವೆಂದದ್ದನ್ನು ಬಹುಮಟ್ಟಿಗೆ ಮನಸ್ಸೂ ಬೇಡವೆನ್ನುತ್ತಿತ್ತು. ಕದಿಯಬಾರದು, ಕೊಲ್ಲಬಾರದು ಎಂದು ತಿಳಿಯುವುದಕ್ಕೆ ಯಾರೂ ಗೆಜೆಟ್ಟು ಬಿಡಿಸಿ ನೋಡಬೇಕಾಗಿರಲಿಲ್ಲ. ಒಂದೇ ಕೆಲಸ ರಸ್ತೆಯ ಈ ಬದಿಗೆ ಸರಿ, ಆ ಬದಿಗೆ ತಪ್ಪು ಎಂದಾಗ ಈ ಸೂತ್ರದ ಪಾಡೇನು? ಆಗಲೂ ಅದು ಅದೇ ಗಡಸು ದನಿಯಲ್ಲಿ ಮಾತನಾಡಬಹುದೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಅಣ್ಣನ ಮಗ ಅಮೆರಿಕದ ಡೆನ್ವರ್ ನಗರದಲ್ಲಿದ್ದಾನೆ. ೨೦೨೫ರ ಬೇಸಗೆಯಲ್ಲಿ ನಾನು ಕೆಲವು ತಿಂಗಳು ಅವನ ಮನೆಯಲ್ಲಿದ್ದೆ. ಮನೆಗೆ ಸಮೀಪದಲ್ಲಿ ಸ್ಲೋನ್ಸ್ ಲೇಕ್ ಎಂಬ ಕೆರೆ, ಕೆರೆಯ ಸುತ್ತ ದೊಡ್ಡ ಉದ್ಯಾನ. ಪಕ್ಕದ ಮನೆಯ ಯಜಮಾನರು, ಕೆಲಸದಿಂದ ನಿವೃತ್ತರಾದವರು, ನನಗೆ ಬೆಳಗಿನ ತಿರುಗಾಟದ ಜೊತೆಗಾರರಾದರು. ಮಾತುಗಾರರು, ಒಳ್ಳೆಯವರು. ಆದರೆ ಉದ್ಯಾನದ ಅಂಚಿಗೆ ಬಂದೊಡನೆ ಅವರು ನಿಂತುಬಿಡುತ್ತಿದ್ದರು. ನಾನು ಕೆರೆಯ ಬದಿಗೆ ಇಳಿದರೆ ಅವರು ರಸ್ತೆ ದಾಟಿ ಆಚೆಯ ಕಾಲುದಾರಿಯಲ್ಲಿ ಹೋಗುವರು. ಕೆರೆಯ ದಂಡೆಯೆಲ್ಲ ಬಾತುಗಳ ಗಲೀಜು. ಅದನ್ನು ಕಂಡರಾಗದ ಮಡಿವಂತರಿರಬೇಕೆಂದು ನಾನು ಅಂದುಕೊಂಡಿದ್ದೆ. ಹತ್ತು ದಿನವಾದ ಮೇಲೆ ನಮ್ಮ ಹುಡುಗ ಊಟಕ್ಕೆ ಕುಳಿತಾಗ ನಕ್ಕು ಹೇಳಿದ: "ಬಾತಿಗಲ್ಲ ಚಿಕ್ಕಪ್ಪ, ಅವರ ಸೊಂಟದಲ್ಲಿ ಯಾವಾಗಲೂ ಪಿಸ್ತೂಲು ಇರುತ್ತದೆ. ಉದ್ಯಾನದೊಳಕ್ಕೆ ತರುವಂತಿಲ್ಲ."

ಹತ್ತು ದಿನ ನಾನು ಪಿಸ್ತೂಲಿನ ಪಕ್ಕದಲ್ಲೇ ನಡೆದಿದ್ದೆ. ನನ್ನ ಅಂಗಿಗೂ ಅವರ ಅಂಗಿಗೂ ವ್ಯತ್ಯಾಸ ಕಂಡಿರಲಿಲ್ಲ.

ಮಾರನೆಯ ದಿನ ಅವರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ, ತಮ್ಮ ಕಷ್ಟವನ್ನು ಕೇಳುವವರೊಬ್ಬರು ಸಿಕ್ಕರೆಂದು ಸಂತೋಷವನ್ನೇ ಪಟ್ಟರು. ಅವರ ಕೊಲೊರಾಡೋ ಸಂಸ್ಥಾನದಲ್ಲಿ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ತಿರುಗಲು ಜಿಲ್ಲೆಯ ಷೆರೀಫನ ಪರವಾನಗಿ ಬೇಕು. ಅದು ಅವರಲ್ಲಿದೆ. ೨೦೦೩ರಲ್ಲಿ ಸಂಸ್ಥಾನದ ಸರ್ಕಾರ, ಈ ವಿಷಯದಲ್ಲಿ ಊರೂರಿಗೊಂದು ನಿಯಮ ಬೇಡ, ಎಲ್ಲೆಡೆಗೂ ಒಂದೇ ಇರಲಿ ಎಂದು ಪೌರಸಭೆಗಳ ಕೈ ಕಟ್ಟಿತ್ತು. ೨೦೨೧ರ ಮಾರ್ಚಿಯಲ್ಲಿ ಬೋಲ್ಡರ್ ಎಂಬ ಊರಿನ ದಿನಸಿ ಅಂಗಡಿಯೊಂದರಲ್ಲಿ ಬಂದೂಕಿನವನೊಬ್ಬ ಹತ್ತು ಜನರನ್ನು ಕೊಂದ. ಕೆಲವು ಬಗೆಯ ಬಂದೂಕುಗಳನ್ನು ಆ ಊರಿನ ಸಭೆ ನಿಷೇಧಿಸಿದ್ದು, ಅಂಥ ನಿಷೇಧ ಮಾಡಲು ಊರಿಗೆ ಅಧಿಕಾರವಿಲ್ಲವೆಂದು ನ್ಯಾಯಾಧೀಶರು ತಡೆದಿದ್ದದ್ದು ಅದಕ್ಕೆ ಕೆಲವೇ ದಿನ ಮೊದಲು. ನಿಷೇಧ ನಿಂತಿದ್ದರೆ ಸಾವು ತಪ್ಪುತ್ತಿತ್ತೆಂದು ಯಾರೂ ಹೇಳಲಾರರು. ಆದರೂ ಜನ ಕೆರಳಿದರು. ಅದೇ ವರ್ಷ ಜೂನಿನಲ್ಲಿ ಸಂಸ್ಥಾನ ಕಟ್ಟಿದ ಕೈಯನ್ನು ಬಿಚ್ಚಿತು. ೨೦೨೨ರಲ್ಲಿ ಡೆನ್ವರ್ ತನ್ನ ಉದ್ಯಾನಗಳಿಗೂ ತನ್ನ ಕಟ್ಟಡಗಳಿಗೂ ಮರೆಯ ಪಿಸ್ತೂಲು ಬರಕೂಡದೆಂದಿತು. ೨೦೨೪ರಲ್ಲಿ ಸಂಸ್ಥಾನವೇ ಶಾಲೆ, ಕಾಲೇಜು, ಮತಗಟ್ಟೆ, ಸರ್ಕಾರದ ಕೆಲವು ಕಟ್ಟಡ ಎಂದು ಇನ್ನೊಂದು ಪಟ್ಟಿ ಕೊಟ್ಟು, ತಮ್ಮ ಕಟ್ಟಡಗಳ ಮಟ್ಟಿಗೆ ಆ ಪಟ್ಟಿಯಿಂದ ಹೊರಗುಳಿಯಲು ಊರುಗಳಿಗೆ ಬಿಡುವನ್ನೂ ಕೊಟ್ಟಿತು.

"ಈಗ ನೋಡಿ," ಎಂದರು ಅವರು, "ಈ ಉದ್ಯಾನಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಹುಲ್ಲು ಎಲ್ಲಿ ಮುಗಿದು ಬೀದಿ ಎಲ್ಲಿ ಶುರುವಾಯಿತು? ಈ ಕಾಲುದಾರಿ ಉದ್ಯಾನದ್ದೊ, ಬೀದಿಯದೊ? ಪಶ್ಚಿಮಕ್ಕೆ ಈ ಷೆರಿಡನ್ ರಸ್ತೆ ದಾಟಿದರೆ ಅದು ಡೆನ್ವರೇ ಅಲ್ಲ, ಎಡ್ಜ್‌ವಾಟರ್ ಎಂಬ ಬೇರೆ ಊರು. ಅದಕ್ಕೆ ಬೇರೆ ಸಭೆ. ಆ ಸಭೆ ಯಾವ ರಾತ್ರಿ ಕೂತು ಏನು ಬರೆಯಿತೆಂದು ನಾನು ಬೇರೆಯಾಗಿ ಓದುತ್ತಿರಬೇಕು. ಹಾಲು ತರಲು ಹೋಗುವವನು ನಾನು, ವಕೀಲನಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರದು ಸಣ್ಣ ತೊಡಕು, ನಾಲ್ಕು ಹೆಜ್ಜೆ ಸುತ್ತಿ ಹೋದರೆ ತೀರುವಂಥದು. ದೊಡ್ಡ ತೊಡಕುಗಳೂ ಇವೆ. ೨೦೧೩ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಒಬ್ಬ ಹೆಂಗಸು, ಎರಡು ಮಕ್ಕಳ ತಾಯಿ, ಪಕ್ಕದ ನ್ಯೂ ಜೆರ್ಸಿಯಲ್ಲಿ ಕಾರು ನಡೆಸಿಕೊಂಡು ಹೋಗುತ್ತಿದ್ದಾಗ ಸಂಚಾರದ ಪೋಲೀಸರು ತಡೆದರು. ಆಕೆಗೆ ಮೊದಲು ದರೋಡೆಯ ಅನುಭವವಾಗಿತ್ತು. ಅದಕ್ಕಾಗಿಯೇ ಪಿಸ್ತೂಲು ಕೊಂಡು, ತನ್ನ ಸಂಸ್ಥಾನದ ಪರವಾನಗಿಯನ್ನೂ ಪಡೆದಿದ್ದಳು. ಪೋಲೀಸಿನವನು ಕೇಳುವ ಮೊದಲೇ, ತನ್ನ ಹತ್ತಿರ ಪಿಸ್ತೂಲಿದೆ, ಇಗೋ ಪರವಾನಗಿ ಎಂದು ತಾನಾಗಿಯೇ ಹೇಳಿದಳು. ಆ ಪರವಾನಗಿ ಗಡಿಯಾಚೆ ಬರಿಯ ಕಾಗದ. ನ್ಯೂ ಜೆರ್ಸಿಯ ಕಾನೂನಿನಲ್ಲಿ ಈ ತಪ್ಪಿಗೆ ಮೂರೂವರೆ ವರ್ಷ ಬಿಡುಗಡೆಯಿಲ್ಲದ ಸೆರೆವಾಸ ನಿಗದಿಯಾಗಿತ್ತು. ನಲವತ್ತಕ್ಕೂ ಹೆಚ್ಚು ದಿನ ಆಕೆ ಜೈಲಿನಲ್ಲಿದ್ದಳು. ಗದ್ದಲವಾಯಿತು, ಹೊರಗಿನಿಂದ ಬಂದವರು ತಿಳಿಯದೆ ಮಾಡಿದ್ದರೆ ಮೆತ್ತಗೆ ನಡೆದುಕೊಳ್ಳಿ ಎಂದು ೨೦೧೪ರಲ್ಲಿ ಆ ಸಂಸ್ಥಾನದ ಅಟಾರ್ನಿ ಜನರಲ್ ಸರ್ಕಾರಿ ವಕೀಲರಿಗೆ ಹೇಳಬೇಕಾಯಿತು, ೨೦೧೫ರಲ್ಲಿ ಗವರ್ನರು ಆಕೆಗೆ ಕ್ಷಮಾದಾನ ಕೊಟ್ಟರು. ಸತ್ಯ ಹೇಳಿದ್ದರಿಂದಲೇ ಸಿಕ್ಕಿಬಿದ್ದವಳು ಆಕೆ. ಸುಮ್ಮನಿದ್ದಿದ್ದರೆ ಬಹುಶಃ ಮನೆಗೆ ಹೋಗಿರುತ್ತಿದ್ದಳು. ಕಾನೂನು ಎಂಥ ಪಾಠವನ್ನು ಕಲಿಸಿತು!

ಇನ್ನೊಬ್ಬನ ಕಥೆ ವಿಧಿಯಾಟದಂತಿದೆ. ಬಂದೂಕನ್ನು ಗುಂಡು ತೆಗೆದು, ಕೈಗೆಟುಕದಂತೆ ಬೀಗ ಹಾಕಿ ಸಾಗಿಸುವವನನ್ನು ದಾರಿಯಲ್ಲಿ ಸಿಕ್ಕುವ ಸಂಸ್ಥಾನಗಳು ತಡೆಯಕೂಡದೆಂದು ೧೯೮೬ರ ಕೇಂದ್ರ ಕಾನೂನು ಹೇಳುತ್ತದೆ. ಅದನ್ನು ನಂಬಿ ೨೦೦೫ರಲ್ಲಿ ಯೂಟಾದ ಒಬ್ಬ ಪಿಸ್ತೂಲನ್ನು ವಿಮಾನದ ಸಾಮಾನಿನಲ್ಲಿ ಹಾಕಿ ಪೆನ್ಸಿಲ್ವೇನಿಯಾಕ್ಕೆ ಹೊರಟ. ನ್ಯೂ ಜೆರ್ಸಿಯ ನ್ಯೂಅರ್ಕಿನಲ್ಲಿ ಮುಂದಿನ ಪ್ರಯಾಣ ತಪ್ಪಿತು. ಸಾಮಾನು ಅವನ ಕೈಗೇ ಬಂತು. ರಾತ್ರಿ ಹೋಟೆಲಿನಲ್ಲಿ ಮಲಗಿ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಂದಾಗ ಅವನನ್ನು ಹಿಡಿದರು. ಮೊಕದ್ದಮೆಯೇನೋ ಬಿದ್ದುಹೋಯಿತು. ಆದರೆ ತನ್ನನ್ನು ಹಿಡಿದದ್ದು ಅನ್ಯಾಯವೆಂದು ಅವನು ಹೂಡಿದ ದಾವೆಯನ್ನು ೨೦೧೦ರಲ್ಲಿ ಮೇಲಿನ ಕೋರ್ಟು ಒಪ್ಪಲಿಲ್ಲ: ಆ ರಾತ್ರಿ ಸಾಮಾನು ಅವನ ಕೈಗೆಟುಕುವಂತಿತ್ತಲ್ಲ! ವಿಮಾನ ತಡವಾಗದಿದ್ದರೆ ನಿರಪರಾಧಿ, ತಡವಾದರೆ ಅಪರಾಧಿ.

ವಿಚಿತ್ರಗಳನ್ನು ಎಣಿಸುತ್ತ ಹೋದರೆ ಕೊನೆಯಿಲ್ಲ. ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳು ಈಗ ಮರೆಯ ಪಿಸ್ತೂಲಿಗೆ ಪರವಾನಗಿಯೇ ಬೇಡವೆನ್ನುತ್ತವೆ. ವರ್ಮಾಂಟ್ ಎಂಬ ಪುಟ್ಟ ಸಂಸ್ಥಾನವಂತೂ ಎಂದೂ ಬೇಕೆಂದಿರಲಿಲ್ಲ. ಆದರೆ ಶಾಲೆಯಿಂದ ಸಾವಿರ ಅಡಿಯೊಳಗೆ, ಆ ಸಂಸ್ಥಾನದ್ದೇ ಪರವಾನಗಿಯಿಲ್ಲದವನು ಸಾರ್ವಜನಿಕ ಬೀದಿಯಲ್ಲಿ ತುಂಬಿದ ಪಿಸ್ತೂಲಿಟ್ಟುಕೊಂಡು ಓಡಾಡಕೂಡದೆಂದು ಕೇಂದ್ರ ಸರ್ಕಾರದ ಕಾನೂನಿದೆ. ಪರವಾನಗಿ ಬೇಡ ಎನ್ನುವುದು ಒಂದು ಸರ್ಕಾರ, ಇಲ್ಲದಿದ್ದರೆ ಜೈಲು ಎನ್ನುವುದು ಇನ್ನೊಂದು. ಊರೆಂದ ಮೇಲೆ ಶಾಲೆಯಿಂದ ಸಾವಿರ ಅಡಿ ದೂರ ಉಳಿದು ಎಷ್ಟು ಬೀದಿ ನಡೆಯಬಹುದೆಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಇಷ್ಟಾದ ಮೇಲೆ ನನ್ನ ನೆರೆಯವರ ಪರವಾಗಿ ತೀರ್ಪು ಬರೆದುಬಿಡುವುದು ಸುಲಭ. ತಿಳಿಯಲಾಗದ ಕಾನೂನು ಕಾನೂನೇ ಅಲ್ಲ ಎಂದುಬಿಡಬಹುದು. ರೋಮಿನ ಕ್ಯಾಲಿಗುಲಾ ಚಕ್ರವರ್ತಿ ಹೊಸ ತೆರಿಗೆಯ ಶಾಸನವನ್ನು ಯಾರಿಗೂ ಓದಲಾಗದಂತೆ ಸಣ್ಣ ಅಕ್ಷರಗಳಲ್ಲಿ ಇಕ್ಕಟ್ಟಾದ ಜಾಗದಲ್ಲಿ ಹಾಕಿಸಿದನೆಂದು ಇತಿಹಾಸಕಾರ ಸ್ವಿಟೋನಿಯಸ್ ಬರೆದಿದ್ದಾನೆ. ಅದನ್ನು ಮೆಚ್ಚಿದವರು ಯಾರೂ ಇಲ್ಲ. ನಮ್ಮ ಮಹಾಭಾರತದ ಆದಿಪರ್ವದಲ್ಲೂ ಒಂದು ಕಥೆಯಿದೆ. ಮಾಂಡವ್ಯ ಋಷಿ ಮೌನವ್ರತದಲ್ಲಿದ್ದಾಗ ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಅಡಗಿಸಿದರು. ರಾಜಭಟರು ಕೇಳಿದರೆ ಋಷಿ ಮಾತಾಡಲಿಲ್ಲ. ಮಾತಾಡದವನು ಕಳ್ಳನೇ ಎಂದು ಅವನನ್ನೂ ಶೂಲಕ್ಕೇರಿಸಿದರು. ತಪಸ್ಸಿನ ಬಲದಿಂದ ಬದುಕುಳಿದ ಮಾಂಡವ್ಯ ಯಮಧರ್ಮನ ಬಳಿಗೇ ಹೋಗಿ, ಯಾವ ತಪ್ಪಿಗೆ ನನಗೆ ಈ ಶಿಕ್ಷೆ ಎಂದು ಕೇಳಿದ. ಬಾಲ್ಯದಲ್ಲಿ ಹುಳುಗಳನ್ನು ಕಡ್ಡಿಯಿಂದ ಚುಚ್ಚಿದ್ದೆ ಎಂದ ಯಮ. ಅದು ತಪ್ಪೆಂದು ತಿಳಿಯದ ವಯಸ್ಸಿನಲ್ಲಿ ಮಾಡಿದ್ದಕ್ಕೆ ಶೂಲವೆ? ಋಷಿ ಸಿಟ್ಟಿಗೆದ್ದು, ಧರ್ಮವೇ ಭೂಮಿಯಲ್ಲಿ ವಿದುರನಾಗಿ ಹುಟ್ಟಲೆಂದು ಶಪಿಸಿದ. ಹದಿನಾಲ್ಕು ವರ್ಷದೊಳಗೆ ಮಾಡಿದ್ದು ಪಾಪವಾಗಕೂಡದೆಂದು ಮೇರೆಯನ್ನೂ ಹಾಕಿದ. ತಿಳಿಯದವನನ್ನು ದಂಡಿಸಿದ್ದಕ್ಕಾಗಿ ಧರ್ಮರಾಯನೇ ದಂಡ ತೆತ್ತ ಕಥೆ ಇದು. ಎಳೆಯ ಹುಡುಗನಾಗಿದ್ದಾಗ ಕೇಳಿದ ನನಗೆ ಶೂಲವಷ್ಟೇ ನೆನಪಿತ್ತು. ಈಗ ಆ ಮೇರೆಯ ಮಾತೇ ಮುಖ್ಯವಾಗಿ ಕಾಣುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟೂ ಇದೇ ಮೇರೆಯನ್ನು ಹುಡುಕಿದೆ. ಶಿಕ್ಷೆಯಾದ ಅಪರಾಧಿ ಐದು ದಿನಕ್ಕಿಂತ ಹೆಚ್ಚು ಊರಿನಲ್ಲಿದ್ದರೆ ಪೋಲೀಸಿನಲ್ಲಿ ಹೆಸರು ಬರೆಸಬೇಕೆಂದು ಲಾಸ್ ಏಂಜೆಲಿಸ್ ನಗರದ ನಿಯಮವಿತ್ತು. ಅದನ್ನರಿಯದೆ ಅಲ್ಲಿ ವರ್ಷಗಟ್ಟಲೆ ಬಾಳಿದ್ದ ಒಬ್ಬಳಿಗೆ ದಂಡ ಹಾಕಿದರು. ೧೯೫೭ರಲ್ಲಿ ಕೋರ್ಟು ಆ ದಂಡವನ್ನು ರದ್ದು ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಡಗ್ಲಾಸ್. ಅವರ ವಾದದ ತಿರುಳು ಇಷ್ಟು: ಊರಿನಲ್ಲಿ ಸುಮ್ಮನೆ ಇರುವುದು ತಪ್ಪಾಗಬಹುದೆಂದು ಯಾರಿಗೆ ಹೊಳೆದೀತು? ವಿಚಾರಿಸಬೇಕೆಂದು ಎಚ್ಚರಿಸುವಂಥದು ಅಲ್ಲಿ ಏನೂ ಇರಲಿಲ್ಲ. ಹದಿನಾಲ್ಕು ವರ್ಷ ಕಳೆದು, ೧೯೭೧ರಲ್ಲಿ, ಕೈಬಾಂಬುಗಳನ್ನು ದಾಖಲೆಯಿಲ್ಲದೆ ಇಟ್ಟುಕೊಂಡಿದ್ದವನ ಮೊಕದ್ದಮೆ ಬಂತು. ದಾಖಲೆಯಾಗಿರಲಿಲ್ಲವೆಂಬುದು ಅವನಿಗೆ ಗೊತ್ತಿತ್ತೆಂದು ಸರ್ಕಾರ ಸಾಧಿಸಿಲ್ಲವೆಂಬುದು ಅವನ ಪರದ ವಾದ. ಅದೇ ಡಗ್ಲಾಸರು ಆಗಲಿಲ್ಲವೆಂದರು. ಕೈಬಾಂಬನ್ನು ಇಟ್ಟುಕೊಂಡವನಿಗೆ, ಇದು ನಿರ್ದೋಷವಲ್ಲ ಎಂದು ತಿಳಿದರೆ ಅಚ್ಚರಿಯಾಗಬೇಕಾದ್ದಿಲ್ಲ.

ಒಬ್ಬನೇ ನ್ಯಾಯಾಧೀಶನ ಈ ಎರಡು ಮಾತು ನನಗೆ ತುಂಬ ಹಿಡಿಸಿವೆ. ಕಾನೂನು ಬಾಯಿಬಿಟ್ಟು ಹೇಳದಿದ್ದರೂ ಕೆಲವು ವಸ್ತುಗಳು ತಾವೇ ಮಾತಾಡುತ್ತವೆ. "ನನ್ನನ್ನು ಮುಟ್ಟುವ ಮುನ್ನ ಕೇಳಿಕೋ" ಎನ್ನುತ್ತವೆ. ಮನೆಯ ವಿಳಾಸ ಹಾಗೆನ್ನುವುದಿಲ್ಲ, ಕೈಬಾಂಬು ಎನ್ನುತ್ತದೆ. ಪಿಸ್ತೂಲು?

ಇಲ್ಲಿಯೇ ಆ ದೇಶದ ಮನಸ್ಸು ಎರಡಾಗಿದೆ. ೧೯೯೪ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು, ಬಂದೂಕು ಕೈಬಾಂಬಿನಂತಲ್ಲ, ನಮ್ಮಲ್ಲಿ ಬಂದೂಕಿರುವುದು ಹಿಂದಿನಿಂದ ಸಹಜವಾಗಿ ನಡೆದುಬಂದದ್ದು ಎಂದಿತು. ೨೦೦೮ರಲ್ಲಿ ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲಿಡುವುದು ಸಂವಿಧಾನದ ಹಕ್ಕು ಎಂದಿತು. ೨೦೨೨ರಲ್ಲಿ ಮನೆಯ ಹೊರಗೂ ಹಕ್ಕೇ ಎಂದು, ವಿಶೇಷ ಕಾರಣ ತೋರಿಸಿದವನಿಗೆ ಮಾತ್ರ ಪರವಾನಗಿಯೆಂಬ ನ್ಯೂಯಾರ್ಕಿನ ಹಳೆಯ ನಿಯಮವನ್ನು ಹೊಡೆದುಹಾಕಿತು. ಹಕ್ಕಿನ ಮಾತು ಬಂದಮೇಲೆ ನನ್ನ ನೆರೆಯವರಂಥವರಿಗೆ ಪಿಸ್ತೂಲು ಮಾತಾಡುವ ವಸ್ತುವಾಗಿ ಉಳಿಯುವುದಿಲ್ಲ. ಅದು ಕನ್ನಡಕದಂತೆ, ಊರುಗೋಲಿನಂತೆ. ಕನ್ನಡಕ ಹಾಕಿಕೊಂಡು ಉದ್ಯಾನಕ್ಕೆ ಹೋಗಬಹುದೆ ಎಂದು ಯಾರಾದರೂ ವಿಚಾರಿಸುತ್ತಾರೆಯೆ?

ನಮಗೆ ಇದು ಕೂಡಲೇ ಅರ್ಥವಾಗದು. ನಮ್ಮಲ್ಲಿ ಬಂದೂಕಿನ ಲೈಸೆನ್ಸೆಂದರೆ ಅದು ಎಲ್ಲಿಯವರೆಗೆ ಸಲ್ಲುತ್ತದೆಂಬುದನ್ನೂ ಅದರ ಮೇಲೆಯೇ ಬರೆದಿರುತ್ತಾರೆ. ಚುನಾವಣೆ ಬಂತೆಂದರೆ ಮಲೆನಾಡಿನ ತೋಟದವರು ಕಾಡುಹಂದಿಯನ್ನು ಬೈದುಕೊಂಡೇ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಕೊಡಗಿನ ರೀತಿ ಮಾತ್ರ ಬೇರೆ. ಇಂಗ್ಲಿಷರ ಆಳ್ವಿಕೆಯಿಂದ ಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸು ಬೇಡ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, ೨೦೨೧ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆ ಸದ್ದನ್ನು ಕೇಳಿ ನೆರೆಹೊರೆಯವರು ಸುಖದುಃಖಕ್ಕೆ ಬಂದು ಕೂಡುತ್ತಾರೆ. ಆ ಕೋವಿಯಿಂದ ಅನಾಹುತವೇ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದು ಗೋಡೆಯ ಮೇಲೆ, ಹೆಗಲ ಮೇಲೆ, ಹಬ್ಬದ ನಡುಮನೆಯಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಇರುವ ಕೋವಿ. ಅಂಗಿಯ ಮರೆಯ ಪಿಸ್ತೂಲಿನ ಧರ್ಮಸೂಕ್ಷ್ಮ ಇರುವುದು ಪಿಸ್ತೂಲಿನಲ್ಲಲ್ಲ, ಮರೆಯಲ್ಲಿ.

ಇದನ್ನು ನಾನು ನನ್ನ ನೆರೆಯವರಿಗೆ ಹೇಳಿದೆ. ಅವರು ಸುಮ್ಮನಾಗಲಿಲ್ಲ. "ಮರೆಯೇ ಮರ್ಯಾದೆ," ಎಂದರು. "ಕಾಣುವಂತೆ ಕಟ್ಟಿಕೊಂಡರೆ ಮಕ್ಕಳು ಬೆಚ್ಚುತ್ತಾರೆ, ಅಂಗಡಿಯವರು ಗಾಬರಿಯಾಗುತ್ತಾರೆ. ಅದೂ ಅಲ್ಲದೆ, ಯಾರ ಹತ್ತಿರ ಇದೆ ಯಾರ ಹತ್ತಿರ ಇಲ್ಲ ಎಂದು ಕಳ್ಳನಿಗೆ ತಿಳಿಯದೆ ಇರುವುದರಿಂದ ಬರಿಗೈಯಲ್ಲಿ ನಡೆಯುವ ನಿಮಗೂ ರಕ್ಷಣೆಯೇ." ಮಾತು ಚುರುಕಾಗಿತ್ತು. ನಾನು ಕೇಳದೆಯೇ ನನ್ನನ್ನು ಕಾಯುತ್ತಿದ್ದಾರೆಂದು ತಿಳಿದು ಏನು ಹೇಳಬೇಕೋ ತೋರಲಿಲ್ಲ.

ಉತ್ತರ ನನಗೆ ಸಿಕ್ಕಿದ್ದು ಅಂಗಡಿಗಳ ಬಾಗಿಲಿನಲ್ಲಿ. ಟೆಕ್ಸಾಸ್ ಸಂಸ್ಥಾನದಲ್ಲಿ ಅಂಗಡಿಯವನಿಗೆ ಮರೆಯ ಪಿಸ್ತೂಲು ಬೇಡವಾದರೆ ಬಾಗಿಲಿಗೆ ಫಲಕ ಹಾಕಬೇಕು. ಅದಕ್ಕೆ ಕಾನೂನೇ ಮಾತುಗಳನ್ನು ಕೊಟ್ಟಿದೆ: ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಇರಬೇಕು, ಅಕ್ಷರ ಒಂದು ಅಂಗುಲಕ್ಕೆ ಕಡಮೆಯಾಗಕೂಡದು, ಎದ್ದು ಕಾಣುವ ಬಣ್ಣದಲ್ಲಿರಬೇಕು. ಫಲಕವಿಲ್ಲದಿದ್ದರೆ ಬರಬಹುದು. ಇಲಿನಾಯಿಯ ಫಲಕವೋ ಅಂಗೈಯಷ್ಟು, ನಾಲ್ಕಂಗುಲಕ್ಕೆ ಆರಂಗುಲ. ನ್ಯೂಯಾರ್ಕು ೨೦೨೨ರ ಸೆಪ್ಟೆಂಬರಿನಲ್ಲಿ ಇದನ್ನು ತಿರುಗಿಸಿ ಹಾಕಿತು: ಬರಬಹುದೆಂದು ಅಂಗಡಿಯವನೇ ಹೇಳಿದ್ದರೆ ಮಾತ್ರ ಬರಬಹುದು, ಹೇಳದಿದ್ದರೆ ಬರಕೂಡದು. (ಜನರಿಗೆ ತೆರೆದಿರುವ ಅಂಗಡಿಗಳ ಮಟ್ಟಿಗೆ ಆ ಭಾಗವನ್ನು ಕೋರ್ಟು ಮುಂದೆ ತಡೆಯಿತು. ಅದೇ ನ್ಯೂಯಾರ್ಕ್ ಸಂಸ್ಥಾನದಲ್ಲಿ ಬೇರೆ ಜಿಲ್ಲೆಯಲ್ಲಿ ಕೊಟ್ಟ ಪರವಾನಗಿ ನ್ಯೂಯಾರ್ಕ್ ನಗರದಲ್ಲಿ ಸಲ್ಲಬೇಕಾದರೆ ನಗರದ ಪೋಲೀಸು ಕಮಿಷನರರ ಅಪ್ಪಣೆ ಬೇರೆ ಬೇಕು. ಟೈಮ್ಸ್ ಸ್ಕ್ವೇರ್ ಎಂಬ ಚೌಕಕ್ಕಂತೂ ಯಾರೂ ತರುವಂತಿಲ್ಲ.)

ಹಾಗಾದರೆ ಬಾಯಿ ಬಿಡದ ಅಂಗಡಿಯವನ ಮೌನಕ್ಕೆ ಏನರ್ಥ? ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತದೆ ಟೆಕ್ಸಾಸ್. ಮೌನವೆಂದರೆ ಇಲ್ಲ ಎಂದಿತು ನ್ಯೂಯಾರ್ಕ್. ಮಾಂಡವ್ಯನ ಮೌನವನ್ನು ರಾಜಭಟರು ತಪ್ಪೊಪ್ಪಿಗೆ ಎಂದುಕೊಂಡರು. ಮದುವೆಯ ಮಾತಿನಲ್ಲಿ ನಮ್ಮ ಹಿರಿಯರು ಹೆಣ್ಣಿನ ಮೌನವನ್ನು ಒಪ್ಪಿಗೆ ಎಂದುಕೊಂಡು ಎಷ್ಟು ಬಾಳನ್ನು ಕೆಡಿಸಿದರೊ. ಮೌನ ಒಪ್ಪಿಗೆಯಾಗಬೇಕಾದರೆ, ಯಾವುದರ ಬಗ್ಗೆ ಸುಮ್ಮನಿದ್ದೇನೆಂದು ಸುಮ್ಮನಿರುವವನಿಗೆ ಗೊತ್ತಿರಬೇಕು. ಎದುರಿಗೆ ಹುಲಿಯನ್ನು ತಂದು ನಿಲ್ಲಿಸಿದಾಗ ನಾನು ಸುಮ್ಮನಿದ್ದರೆ ಒಪ್ಪಿದೆನೆನ್ನಿ. ಚೀಲದೊಳಗೆ ಹಾವಿಟ್ಟುಕೊಂಡು ಬಂದು, ನೀವೇನೂ ಅನ್ನಲಿಲ್ಲವಲ್ಲ ಎಂದರೆ ಹೇಗೆ?

ಹೀಗೆ ನೋಡಿದಾಗ ಗೊಂದಲ ಒಂದಲ್ಲ, ಎರಡು. ಪತ್ರಿಕೆಗಳೂ ಕೋರ್ಟುಗಳೂ ಮಾತಾಡುವುದು ಒಂದರ ಬಗ್ಗೆ: ಪಿಸ್ತೂಲಿರುವವನಿಗೆ ಎಲ್ಲೆ ಎಲ್ಲಿದೆಯೆಂದು ಗೊತ್ತಿಲ್ಲ. ಇನ್ನೊಂದು ಗೊಂದಲ ಉದ್ಯಾನದಲ್ಲಿ ಮೊಮ್ಮಗುವನ್ನು ಕೈಹಿಡಿದು ನಡೆಸುವವನದು. ಅವನಿಗೆ ಪಿಸ್ತೂಲು ಎಲ್ಲಿದೆಯೆಂದು ಗೊತ್ತಿಲ್ಲ. ಮೊದಲನೆಯವನು ಕಷ್ಟಪಟ್ಟರೆ ತಿಳಿದುಕೊಳ್ಳಬಹುದು. ಸಭೆಗೆ ಫೋನು ಮಾಡಬಹುದು, ಫಲಕ ಓದಬಹುದು, ಸಂದೇಹವಿದ್ದರೆ ಪಿಸ್ತೂಲನ್ನು ಮನೆಯಲ್ಲಿ ಬಿಡಬಹುದು. ಎರಡನೆಯವನು ಎಷ್ಟು ಕಷ್ಟಪಟ್ಟರೂ ತಿಳಿಯಲಾರ, ಏಕೆಂದರೆ ಅವನ ಅಜ್ಞಾನ ಕಾನೂನಿನ ದೋಷವಲ್ಲ, ಮೊದಲನೆಯವನು ಅಂಗಿ ಎಳೆದು ಮುಚ್ಚಿ ಉಂಟುಮಾಡಿದ್ದು. ಇತರರ ತಿಳಿಯದಿರುವಿಕೆಯ ಮೇಲೆ ತನ್ನ ನಡಿಗೆಯನ್ನು ನಿಲ್ಲಿಸಿಕೊಂಡವನು ತನ್ನ ತಿಳಿಯದಿರುವಿಕೆಗೆ ಕ್ಷಮೆ ಕೇಳುವಾಗ ಸ್ವಲ್ಪ ಸಂಕೋಚಪಡಬೇಡವೆ? ವಿಚಾರಿಸುವ ಹೊರೆ ಅವನದು. ಪ್ರತಿ ಬಾಗಿಲಲ್ಲೂ ಅವನದು. ಫಲಕವಿಲ್ಲದಿದ್ದರೂ ಅವನದೇ. ಆ ಹೊರೆ ಭಾರವೆಂದರೆ, ಆ ಭಾರ ಪಿಸ್ತೂಲಿನದೇ ತೂಕ.

ನಮ್ಮ ಹುಡುಗನ ಮನೆಯಲ್ಲಿ ಇದು ಬರಿಯ ತರ್ಕವಾಗಿ ಉಳಿಯಲಿಲ್ಲ. ಗಣೇಶನ ಹಬ್ಬದ ಊಟಕ್ಕೆ ಅವರನ್ನು ಕರೆಯಬೇಕೆಂದಾಯಿತು. ಮನೆಯಲ್ಲಿ ಐದು ವರ್ಷದ ಮಗುವಿದೆ. "ಪಿಸ್ತೂಲನ್ನು ಬಿಟ್ಟು ಬನ್ನಿ ಎಂದು ಹೇಗೆ ಹೇಳುವುದು ಚಿಕ್ಕಪ್ಪ? ಅವಮಾನ ಮಾಡಿದಂತಾಗುತ್ತದೆ" ಎಂದು ಅವನು ಹಿಂಜರಿದ. ಐದು ವರ್ಷದಿಂದ ಅವರು ಮನೆಗೆ ಬಂದುಹೋಗುತ್ತಿದ್ದರು, ಇವನು ಕೇಳಿರಲಿಲ್ಲ. ಕೇಳು ಎಂದೆ ನಾನು. ದೊಡ್ಡವನೆಂಬ ಸಲಿಗೆಯಿಂದ ಸ್ವಲ್ಪ ಗದರಿಯೇ ಹೇಳಿದೆ. ಅವನು ಬೇಲಿಯ ಬಳಿ ನಿಂತು ತಡವರಿಸುತ್ತ ಕೇಳಿದ. ಅವರು ಒಂದು ಗಳಿಗೆ ಸುಮ್ಮನಿದ್ದು, "ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದರು. ಬಿಟ್ಟು ಬಂದರು. ಕಡುಬನ್ನು ಎರಡು ಸಲ ಹಾಕಿಸಿಕೊಂಡರು. ಅವರಿಗೆ ಬೇಸರವಾಗಿತ್ತೆ, ಸಮಾಧಾನವಾಗಿತ್ತೆ ಎಂದು ನನಗೆ ಮುಖ ನೋಡಿ ತಿಳಿಯಲಿಲ್ಲ. ಬಡಿಸುವಾಗ ನಮ್ಮ ಹುಡುಗನ ಹೆಂಡತಿ ಮಾತ್ರ ಅಂದು ಹಗುರವಾಗಿದ್ದಳು.

ಹೊರೆ ಅವನದೆಂದ ಮಾತ್ರಕ್ಕೆ ತಪ್ಪಿದವನನ್ನು ಮೂರೂವರೆ ವರ್ಷ ಜೈಲಿಗೆ ಹಾಕಬೇಕೆಂದು ನಾನು ಹೇಳಲಾರೆ. ಆ ಪೆನ್ಸಿಲ್ವೇನಿಯಾದ ತಾಯಿ ವಿಚಾರಿಸಬೇಕಾಗಿತ್ತು, ವಿಚಾರಿಸಲಿಲ್ಲ, ಆ ತಪ್ಪು ಆಕೆಯದೇ. ಆದರೆ ಎಂಥ ತಪ್ಪು? ಬಾಗಿಲು ತಟ್ಟದೆ ಒಳಗೆ ಬಂದ ತಪ್ಪು. ಅದಕ್ಕೆ ತಕ್ಕ ಮಾತು "ಹೊರಗೆ ನಡಿ" ಎಂಬುದು, ಶೂಲವಲ್ಲ. ಈ ವಿಷಯದಲ್ಲಿ ಕೊಲೊರಾಡೋದ ೨೦೨೧ರ ಕಾನೂನು ನನಗೆ ವಿವೇಕದ್ದಾಗಿ ತೋರಿತು. ಊರುಗಳಿಗೆ ಎಲ್ಲೆ ಹಾಕುವ ಸ್ವಾತಂತ್ರ್ಯ ಕೊಟ್ಟಾಗ ಅದು ಒಂದು ಮಾತನ್ನೂ ಸೇರಿಸಿತು: ತನ್ನ ನಡತೆ ನಿಷಿದ್ಧವೆಂದು ಗೊತ್ತಿದ್ದವನಿಗೆ, ಅಥವಾ ಗೊತ್ತಿರಬೇಕಾಗಿತ್ತೆಂದು ಹೇಳಬಹುದಾದವನಿಗೆ ಮಾತ್ರ ಶಿಕ್ಷೆ. ಮರೆಯ ಪಿಸ್ತೂಲಿನ ಮೊದಲ ತಪ್ಪಿಗೆ ಊರುಗಳು ಐವತ್ತು ಡಾಲರಿಗಿಂತ ಹೆಚ್ಚು ದಂಡ ಹಾಕುವಂತಿಲ್ಲ, ಜೈಲಂತೂ ಇಲ್ಲ. ಹೋಗೆಂದರೂ ಹೋಗದವನಿಗೆ ಮಾತ್ರ ಹೆಚ್ಚಿನ ಶಿಕ್ಷೆ. ಗೊತ್ತಿತ್ತೆ ಎಂದಷ್ಟೇ ಅಲ್ಲ, ಗೊತ್ತಿರಬೇಕಾಗಿತ್ತೆ ಎಂದು ಕೇಳುತ್ತದೆ ಅದು. ಮೊದಲನೆಯ ಪ್ರಶ್ನೆ ಸುಳ್ಳುಗಾರನಿಗೆ ದಾರಿ ಬಿಡುತ್ತದೆ, ಎರಡನೆಯದು ಬಿಡುವುದಿಲ್ಲ. ಗೋಡೆಯಿಲ್ಲದ ಉದ್ಯಾನದ ಅಂಚಿನಲ್ಲಿ ತಬ್ಬಿಬ್ಬಾದವನಿಗೂ, ಅಂಗುಲದಕ್ಷರದ ಫಲಕದ ಕೆಳಗೆ ನುಸುಳಿದವನಿಗೂ ಅದು ಬೇರೆಬೇರೆ ಉತ್ತರ ಕೊಡಬಲ್ಲದು.

ಇದನ್ನು ಮೆಚ್ಚಿ ಮಾತಾಡಿದಾಗ ನನ್ನ ನೆರೆಯವರು ನಕ್ಕರು. "ಹೊರಗೆ ನಡಿ ಎಂದರೆ ನಡೆಯುತ್ತೇನೆ. ಪಿಸ್ತೂಲನ್ನು ಎಲ್ಲಿಡಲಿ? ಕಾರಿನಲ್ಲಿಟ್ಟರೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂದು ಈ ವರ್ಷದ ಜನವರಿಯಿಂದ ಹೊಸ ಕಾನೂನು ಬಂದಿದೆ." ಪೆಟ್ಟಿಗೆಯನ್ನು ಕೊಂಡಿರಾ ಎಂದು ಕೇಳಿದೆ. ಕೊಂಡಿದ್ದೇನೆ, ಎಂದು ಕಾರಿನ ಹಿಂದಿನ ಬಾಗಿಲನ್ನು ತೆರೆದು ತೋರಿಸಿದರು. ಸೊಗಸಾದ ಪೆಟ್ಟಿಗೆ. ಬೀಗದ ಸಂಖ್ಯೆ ಮರೆತುಹೋಗುತ್ತದೆಂದು ಒಂದು ಚೀಟಿಯಲ್ಲಿ ಬರೆದು ಅದರ ಮೇಲೆಯೇ ಅಂಟಿಸಿದ್ದರು.